ಬ್ಯಾಂಕು ಯಾರದು, ಠೇವಣಿ ಯಾರದು?

2023ರ ವಿಧಾನಸಭಾ ಚುನಾವಣೆ ಮುಗಿದ ಮೇಲೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ವಿಷಯ, ಪ್ರಜಾಪ್ರಭುತ್ವದ ಬಿಕ್ಕಟ್ಟು. ವೇದಿಕೆಯ ಮೇಲಿದ್ದ ಹಿರಿಯ ಪ್ರಾಧ್ಯಾಪಕರು ಬಹಳ ನೊಂದುಕೊಂಡು ಒಂದು ಮಾತು ಹೇಳಿದರು. ಕೇರಿಗಳು, ಕಾಲೋನಿಗಳು ವೋಟ್ ಬ್ಯಾಂಕ್ ಆಗಿರುವ ತನಕ ಈ ದೇಶಕ್ಕೆ ಪ್ರಜಾಪ್ರಭುತ್ವ ದಕ್ಕುವುದಿಲ್ಲ, ಅಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯವೂ ಬರಲಿಲ್ಲ. ಆ ಹೊತ್ತು ಗಂಟಲಲ್ಲೇ ಉಳಿದ ಪ್ರಶ್ನೆಯನ್ನು ಈಗ ಬರೆಯುತ್ತಿದ್ದೇನೆ.

ಪ್ರಶ್ನೆ ಬಹಳ ಸಣ್ಣದು. ಬ್ಯಾಂಕು ಅಂದಮೇಲೆ ಅದಕ್ಕೊಬ್ಬ ಮಾಲೀಕ ಇರಬೇಕಲ್ಲ, ಅವನು ಯಾರು?

ಪದ್ಯ ಬರೆಯುವವನಿಗೆ ಪದಗಳ ಮೇಲೆ ಅನುಮಾನ ಇರಬೇಕು. ಅದರಲ್ಲೂ ಹೊಲಗೇರಿಯಲ್ಲಿ ಹುಟ್ಟಿ, ಮನೆತನದಲ್ಲೇ ಮೊದಲ ಸಲ ಪದವಿ ಪಡೆದ ನನ್ನಂಥವನಿಗೆ ಇನ್ನೂ ಜಾಸ್ತಿ ಇರಬೇಕು. ಯಾಕೆಂದರೆ ನಮ್ಮನ್ನು ಕರೆದ ಪದಗಳನ್ನೆಲ್ಲ ಮಾಡಿದವರು ಬೇರೆಯವರು. ಚುನಾವಣೆ ಬಂದಾಗ ಪತ್ರಿಕೆಗಳನ್ನು ನೋಡಿ. ಜಮೀನಿರುವ ಜಾತಿಗಳು ಒಟ್ಟಾಗಿ ಮತ ಹಾಕಿದರೆ ಅವು 'ಪ್ರಬಲ ಸಮುದಾಯ'. ಮಠದ ಸ್ವಾಮಿಗಳು ವೇದಿಕೆಯ ಮೇಲೆ ನಿಂತು ನಮ್ಮವರಿಗೇ ಮಂತ್ರಿಗಿರಿ ಕೊಡಿ ಎಂದು ಕೇಳಿದರೆ ಅದು 'ಸಮುದಾಯದ ಆಶಯ'. ಕೇರಿಯವರು ಒಟ್ಟಾಗಿ ಮತ ಹಾಕಿದರೆ ಮಾತ್ರ ಅದು 'ವೋಟ್ ಬ್ಯಾಂಕ್'. ಕ್ರಿಯೆ ಒಂದೇ, ಹೆಸರು ಮಾತ್ರ ಬೀದಿ ನೋಡಿಕೊಂಡು ಬದಲಾಗುತ್ತದೆ. ಹಾಗಾಗಿ ಈ ಪದದ ಹುಟ್ಟೂರು ಯಾವುದೆಂದು ಹುಡುಕಿಕೊಂಡು ಹೋದೆ.

ಹುಡುಕಿದರೆ ಅದು ಹುಟ್ಟಿದ್ದು ನಮ್ಮ ಮೈಸೂರು ಸೀಮೆಯಲ್ಲೇ! ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದುಕೊಂಡು ಅಧ್ಯಯನ ಮಾಡಿದರು. ಆ ಹಳ್ಳಿಗೆ ಅವರು ತಮ್ಮ ಬರಹಗಳಲ್ಲಿ ಇಟ್ಟ ಹೆಸರು ರಾಂಪುರ. 1955ರಲ್ಲಿ ಬಂದ ಅವರ ಲೇಖನದಲ್ಲಿ 'ವೋಟ್ ಬ್ಯಾಂಕ್' ಎಂಬ ಮಾತಿದೆ. ಇವತ್ತು ಎಲ್ಲರ ಬಾಯಲ್ಲಿರುವ 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಬೆಳೆದದ್ದೂ ಅದೇ ಹಳ್ಳಿಯ ಅಧ್ಯಯನದಿಂದ. ಸಂಖ್ಯೆ ಇರಬೇಕು, ಜಮೀನು ಮತ್ತು ಅಧಿಕಾರ ಇರಬೇಕು, ಜಾತಿಯ ಏಣಿಯಲ್ಲಿ ತೀರಾ ಕೆಳಗಿರಬಾರದು. ಇವಿಷ್ಟೂ ಇದ್ದರೆ ಅದು ಪ್ರಬಲ ಜಾತಿ. ಎರಡು ಪದಗಳೂ ಒಂದೇ ನೆಲದಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ಏಕೆಂದರೆ ಶ್ರೀನಿವಾಸರು ವೋಟ್ ಬ್ಯಾಂಕ್ ಎಂದದ್ದು ಕೇರಿಯ ಜನರನ್ನಲ್ಲ. ಸಾಲ ಕೊಟ್ಟು, ಕೂಲಿ ಕೊಟ್ಟು, ಗೇಣಿಗೆ ನೆಲ ಕೊಟ್ಟು ಸುತ್ತಲಿನವರನ್ನು ತನ್ನ ಹಂಗಿನಲ್ಲಿ ಇಟ್ಟುಕೊಂಡ ಊರಿನ ಯಜಮಾನ, ಆ ಹಂಗಿನ ಜನರ ಮತಗಳನ್ನು ತಾನು ಬಯಸಿದ ಕಡೆ ಹಾಕಿಸುತ್ತಾನಲ್ಲ, ಆ ಏರ್ಪಾಡಿಗೆ ಅವರಿಟ್ಟ ಹೆಸರು ಅದು.

ಅಂದರೆ ಗೆಳೆಯರೆ, ಮೂಲದಲ್ಲಿ ಬ್ಯಾಂಕು ಊರಿನ ಯಜಮಾನನದು. ಕೇರಿಯದು ಬರೀ ಠೇವಣಿ. ಎಪ್ಪತ್ತು ವರ್ಷದಲ್ಲಿ ಈ ಪದ ಯಜಮಾನನ ಜಗಲಿಯಿಂದ ಇಳಿದು ನಡೆದುಕೊಂಡು ಬಂದು ಕೇರಿಯ ಬಾಗಿಲಿಗೆ ಅಂಟಿಕೊಂಡಿದೆ. ಕೊಳ್ಳೆ ಹೊಡೆದವನ ಹೆಸರನ್ನು ಕೊಳ್ಳೆ ಹೋದವನಿಗೆ ಇಟ್ಟ ಹಾಗಾಯಿತು. ಸಂಕಿರಣದ ಪ್ರಾಧ್ಯಾಪಕರು ಓದಿದವರು, ಇದು ಅವರಿಗೆ ಗೊತ್ತಿರಬಹುದು. ಗೊತ್ತಿದ್ದೂ ಹಾಗೆ ಹೇಳಿದ್ದರೆ ಅದು ಪುರೋಹಿತಶಾಹಿಯ ಹಳೆಯ ಜಾಣತನ. ಗೊತ್ತಿಲ್ಲದೆ ಹೇಳಿದ್ದರೆ ಅದು ನಮ್ಮ ವಿಶ್ವವಿದ್ಯಾನಿಲಯಗಳ ಬಡತನ.

ಶ್ರೀನಿವಾಸರ ಬಗ್ಗೆಯೂ ಒಂದು ಮಾತು ಹೇಳಬೇಕು. 1976ರಲ್ಲಿ ಅಚ್ಚಾದ ಅವರ ರಾಂಪುರದ ನೆನಪಿನ ಪುಸ್ತಕ ದೊಡ್ಡ ಪುಸ್ತಕವೇ, ಅನುಮಾನವಿಲ್ಲ. ಆದರೆ ಅವರು ಬಿಡಾರ ಮಾಡಿದ್ದು ಊರಿನ ಯಜಮಾನನಿಗೆ ಸೇರಿದ ಮನೆಯಲ್ಲಿ. ಆ ಜಗಲಿಯಿಂದ ನೋಡುವವರಿಗೆ ಬ್ಯಾಂಕು ಕಾಣಿಸುತ್ತದೆ, ಅದರ ಲೆಕ್ಕ ಕಾಣಿಸುತ್ತದೆ. ಠೇವಣಿಯ ಹೊಟ್ಟೆಯೊಳಗೆ ಏನು ಕುದಿಯುತ್ತಿತ್ತು ಎಂಬುದು ಅಷ್ಟಾಗಿ ಕಾಣಿಸುವುದಿಲ್ಲ. ಅದನ್ನು ಕೇಳಬೇಕಾದರೆ ನಮ್ಮ ತಾತನಂಥವರನ್ನು ಕೇಳಬೇಕು.

ನಮ್ಮ ತಾತ ಮೊದಲ ಸಲ ಓಟು ಹಾಕಿದ್ದು 1957ರಲ್ಲಿ. ಆಗ ಪಟೇಲರ ಮನೆಯಲ್ಲಿ ಜೀತಕ್ಕಿದ್ದ. ಆ ಕಾಲದಲ್ಲಿ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಜೋಡೆತ್ತಿನ ಪೆಟ್ಟಿಗೆಗೆ ಹಾಕು ಎಂದು ಪಟೇಲರ ಅಪ್ಪಣೆಯಾಗಿತ್ತು. ಕೇರಿಯವರನ್ನೆಲ್ಲ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಪಟೇಲರ ಗಾಡಿಯ ಮೇಲೆ ತಾತ ಹತ್ತಿ ಕೂತದ್ದು ಅವತ್ತೊಂದೇ ದಿನವಂತೆ, ಮಿಕ್ಕ ದಿನವೆಲ್ಲ ಗಾಡಿ ಮುಂದೆ ನಡೆದವನು. ಸಾಯಂಕಾಲ ಜಗಲಿ ಕೆಳಗೆ ನಿಲ್ಲಿಸಿಕೊಂಡು ಪಟೇಲರು ಕೇಳಿದರಂತೆ, "ಎಲ್ಲಿಗ್ಲಾ ಹಾಕ್ದೆ?" "ತಾವು ಹೇಳಿದ ಪೆಟ್ಟಿಗೆಗೇ ಬುದ್ಧೀ" ಅಂದನಂತೆ ಇವನು. ಈ ಕತೆ ಹೇಳುವಾಗೆಲ್ಲ ತಾತ ನಗುತ್ತಿದ್ದ. ನಿಜವಾಗಿ ಎಲ್ಲಿಗೆ ಹಾಕಿದ್ದೆ ತಾತ ಅಂದರೆ, "ಎತ್ತಿಗೇ ಕಣ್ಲಾ. ಇನ್ನೆಲ್ಲಿಗೆ ಹಾಕನ? ಬೆಳಿಗ್ಗೆ ಎದ್ರೆ ಅವ್ರ ಕೊಟ್ಟಿಗೆಗೇ ಹೋಗ್ಬೇಕಲ್ಲ" ಅನ್ನುತ್ತಿದ್ದ.

ಇದರಲ್ಲಿ ಅಜ್ಞಾನ ಎಲ್ಲಿದೆ? ನನ್ನ ತಾತನಿಗೆ ಪ್ರಜಾಪ್ರಭುತ್ವ ಅರ್ಥವಾಗಿರಲಿಲ್ಲ ಎನ್ನುವುದು ಸುಳ್ಳು. ಮತಪೆಟ್ಟಿಗೆಗೂ ಕೊಟ್ಟಿಗೆಗೂ ನಡುವೆ ಎಷ್ಟು ದೂರ ಎಂದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಸಂವಿಧಾನ ಜಾರಿಯಾಗುವುದಕ್ಕೆ ಎರಡು ತಿಂಗಳು ಮುಂಚೆ, 1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹೇಳಿದ್ದೂ ಇದನ್ನೇ. ರಾಜಕೀಯದಲ್ಲಿ ಒಬ್ಬನಿಗೆ ಒಂದು ಮತ, ಆ ಮತಕ್ಕೆ ಒಂದೇ ಬೆಲೆ ಎಂದು ಒಪ್ಪಿಕೊಂಡು, ಬದುಕಿನಲ್ಲಿ ಮನುಷ್ಯನಿಗೆ ಒಂದೇ ಬೆಲೆ ಎಂಬುದನ್ನು ನಿರಾಕರಿಸುವ ವೈರುಧ್ಯದೊಳಗೆ ನಾವು ಕಾಲಿಡುತ್ತಿದ್ದೇವೆ ಎಂದು ಅವರು ಎಚ್ಚರಿಸಿದ್ದರು. ಜೀತ ಪದ್ಧತಿ ಕಾಯಿದೆಯಲ್ಲಿ ರದ್ದಾಗಿದ್ದು 1976ರಲ್ಲಿ. ಅಂದರೆ ಓಟು ಬಂದು ಇಪ್ಪತ್ತೈದು ವರ್ಷದ ತನಕ ಮತದಾರನೂ ಜೀತದಾಳೂ ಒಂದೇ ಮೈಯಲ್ಲಿದ್ದರು.

ಹಳೆ ಕತೆ ಬಿಡಿ, ಈಗ ಮೀಸಲು ಕ್ಷೇತ್ರಗಳಿವೆಯಲ್ಲ ಎನ್ನುವವರಿದ್ದಾರೆ. ಇವೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳ ಪೈಕಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಇದು ಭಿಕ್ಷೆಯಲ್ಲ, ಹೋರಾಡಿ ಪಡೆದ ಹಕ್ಕು. ಆದರೆ ಈ ಹಕ್ಕು ನಮ್ಮ ಕೈಗೆ ಯಾವ ಆಕಾರದಲ್ಲಿ ಬಂತು ಎಂಬುದನ್ನು ನೋಡದೆ ಮುಂದೆ ಹೋಗುವಂತಿಲ್ಲ.

1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ಪ್ರಕಟಿಸಿದ ತೀರ್ಪಿನಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿತ್ತು. ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವುದು. ಅದರ ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ಒಂದು ಮತ. ಗಾಂಧೀಜಿ ಯರವಾಡ ಜೈಲಿನಲ್ಲಿ ಸೆಪ್ಟೆಂಬರ್ 20ರಂದು ಉಪವಾಸ ಕೂತರು. 24ರಂದು ಪೂನಾ ಒಪ್ಪಂದಕ್ಕೆ ಅಂಬೇಡ್ಕರ್ ಸಹಿ ಹಾಕಿದರು. ಪ್ರಾಂತ್ಯಗಳ ಶಾಸನಸಭೆಗಳಲ್ಲಿ ಸೀಟುಗಳು 148ಕ್ಕೆ ಏರಿದವು. ಆದರೆ ಆ ಸೀಟಿನಲ್ಲಿ ಯಾರು ಕೂರಬೇಕೆಂದು ಕೊನೆಗೆ ತೀರ್ಮಾನಿಸುವ ಅಧಿಕಾರ ಎಲ್ಲ ಜಾತಿಯ ಮತದಾರರಿಗೆ ಹೋಯಿತು. ಮೊದಲು ಅಸ್ಪೃಶ್ಯ ಮತದಾರರೇ ನಾಲ್ವರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲರೂ ಸೇರಿ ಆರಿಸುವುದು ಎಂಬ ಒಂದು ಅಡ್ಡಗೋಡೆಯಾದರೂ ಆ ಒಪ್ಪಂದದಲ್ಲಿತ್ತು. ಸ್ವತಂತ್ರ ಭಾರತದ ಸಂವಿಧಾನದಲ್ಲಿ ಆ ಅಡ್ಡಗೋಡೆಯೂ ಉಳಿಯಲಿಲ್ಲ.

ಇದರ ಫಲಿತಾಂಶ ಸರಳ ಗಣಿತ. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಹದಿನೇಳು ಮಂದಿ. ಬಹುತೇಕ ಮೀಸಲು ಕ್ಷೇತ್ರಗಳಲ್ಲಿಯೂ ಕೇರಿಯವರಿಗಿಂತ ಊರಿನವರ ಮತವೇ ಹೆಚ್ಚು. ನಿಲ್ಲುವವನು ಕೇರಿಯವನು, ಗೆಲ್ಲಿಸುವವನು ಊರಿನವನು. ಕೇರಿಯ ಇಬ್ಬರು ನಿಂತರೆ, ಇಬ್ಬರಲ್ಲಿ ಯಾರ ಬಾಯಿ ಸಣ್ಣದು ಎಂದು ಊರು ನೋಡುತ್ತದೆ. ಅಂಬೇಡ್ಕರ್ ಅವರೇ 1952ರಲ್ಲಿ ಮುಂಬಯಿಯಲ್ಲಿ ಸೋತರು, 1954ರ ಭಂಡಾರಾ ಉಪಚುನಾವಣೆಯಲ್ಲಿ ಮತ್ತೆ ಸೋತರು. ಸಂವಿಧಾನದ ಕರಡು ಬರೆದವರಿಗೆ ಆ ಸಂವಿಧಾನದ ಚುನಾವಣೆಯಲ್ಲಿ ಲೋಕಸಭೆಗೆ ಹೋಗಲು ಆಗಲಿಲ್ಲ. ಪೂನಾ ಒಪ್ಪಂದಕ್ಕೆ ಐವತ್ತು ತುಂಬಿದ 1982ರಲ್ಲಿ ಕಾನ್ಶಿರಾಮ್ ಒಂದು ಪುಸ್ತಕ ತಂದು, ಈ ಏರ್ಪಾಡಿನಿಂದ ಹುಟ್ಟುವ ನಾಯಕರಿಗೆ ಚಮಚಾಗಳೆಂದು ಹೆಸರಿಟ್ಟರು. ಮಾತು ಒರಟು. ಆದರೆ ಚಮಚ ತಾನಾಗಿ ಏನನ್ನೂ ತಿನ್ನುವುದಿಲ್ಲ, ಹಿಡಿದ ಕೈಯ ಬಾಯಿಗೆ ಹೋಗುತ್ತದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಬಾಯಿ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಬಸವಲಿಂಗಪ್ಪನವರು 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ರಾಜ್ಯವೇ ಹೊತ್ತಿಕೊಂಡಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಮಲ ಹೊರುವುದನ್ನು ಕಂಡು ಹೊತ್ತಿಕೊಳ್ಳದ ನಾಡು ಒಂದು ಪದಕ್ಕೆ ಹೊತ್ತಿಕೊಂಡಿತು. ಈ ಚಳುವಳಿ, ಈ ಥರದ ಪತ್ರಿಕೆಗಳು ಆ ಬೆಂಕಿಯಿಂದಲೇ ಎದ್ದುಬಂದವು ಎಂಬುದನ್ನು ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ.

ಹಾಗಾದರೆ ನಮ್ಮ ಓಟಿಗೆ ಬೆಲೆಯೇ ಇಲ್ಲವೆ? ಇದೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ 2004ರಲ್ಲಿ ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದ ಅಂತರ! ಆ ಕ್ಷೇತ್ರದ ಕೂಲಿ ಹೆಂಗಸೊಬ್ಬಳ ಓಟಿಗೂ ನೂರೆಕರೆ ಒಡೆಯನ ಓಟಿಗೂ ಒಂದೇ ತೂಕ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ತೋರಿಸಬಲ್ಲರು?

ಅದೇ ಜಿಲ್ಲೆಯ ಹೆಗ್ಗೊಠಾರದಲ್ಲಿ 2022ರ ನವೆಂಬರ್‌ನಲ್ಲಿ ಇನ್ನೊಂದು ಲೆಕ್ಕವಾಯಿತು. ಮದುವೆಗೆ ಬಂದಿದ್ದ ದಲಿತ ಹೆಂಗಸೊಬ್ಬರು ಮೇಲ್ಜಾತಿಯವರ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗಂಜಲ ಹಾಕಿ ತೊಳೆದರು. ಆಕೆಯ ಓಟನ್ನು ಯಾವ ಪೆಟ್ಟಿಗೆಯಿಂದಲೂ ಯಾರೂ ಹೊರಗೆ ಚೆಲ್ಲುವಂತಿಲ್ಲ, ಕಾನೂನು ಬಿಡುವುದಿಲ್ಲ. ಆಕೆ ಕುಡಿದ ಒಂದು ಗುಟುಕಿಗೆ ಇಡೀ ತೊಂಬೆಯನ್ನೇ ಚೆಲ್ಲಿದರು. ಒಂದು ಓಟು ಶಾಸಕನನ್ನು ಮಾಡುತ್ತದೆ, ಒಂದು ಗುಟುಕು ತೊಂಬೆಯನ್ನು ಮೈಲಿಗೆ ಮಾಡುತ್ತದೆ. ಈ ಎರಡೂ ಒಂದೇ ಜಿಲ್ಲೆಯಲ್ಲಿ, ಹದಿನೆಂಟು ವರ್ಷದ ಒಳಗೆ ನಡೆದವು. ನಮ್ಮ ಪ್ರಜಾಪ್ರಭುತ್ವವನ್ನು ಅಳೆಯಬೇಕಾದವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಅಳೆಯಲಿ.

ಯಜಮಾನನಿಗೆ ಬ್ಯಾಂಕು ನಡೆಸಲು ಆಗದೆ ಹೋದರೆ ಬಾಗಿಲು ಮುಚ್ಚುತ್ತಾನೆ. ಇದನ್ನು ನೋಡಬೇಕಾದರೆ ಗಡಿ ದಾಟಿ ತಮಿಳುನಾಡಿನ ಮಧುರೈ ಸೀಮೆಗೆ ಹೋಗಬೇಕು. 1996ರಲ್ಲಿ ಅಲ್ಲಿನ ಪಾಪ್ಪಾಪಟ್ಟಿ, ಕೀರಿಪಟ್ಟಿ ಮುಂತಾದ ಪಂಚಾಯ್ತಿಗಳ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾಯಿತು. ಹತ್ತು ವರ್ಷ ಊರಿನವರು ಸರಿಯಾಗಿ ಚುನಾವಣೆಯನ್ನೇ ನಡೆಯಗೊಡಲಿಲ್ಲ. ತಮ್ಮ ಆಳನ್ನೇ ನಿಲ್ಲಿಸಿ, ಗೆದ್ದ ಕೂಡಲೇ ರಾಜೀನಾಮೆ ಕೊಡಿಸಿದರು. 2006ರಲ್ಲಿ ಸರ್ಕಾರ ಗಟ್ಟಿಯಾಗಿ ನಿಂತ ಮೇಲೆಯೇ ಅಲ್ಲಿ ಅಧ್ಯಕ್ಷರು ಉಳಿದದ್ದು. ಅದೇ ಸೀಮೆಯ ಮೇಲವಳವು ಪಂಚಾಯ್ತಿಯಲ್ಲಿ ಬೆದರಿಕೆಗೆ ಬಗ್ಗದೆ ಗೆದ್ದು ಕೂತ ಅಧ್ಯಕ್ಷ ಮುರುಗೇಶನ್ ಮತ್ತು ಅವರ ಜೊತೆಯ ಐವರನ್ನು 1997ರ ಜೂನ್ 30ರಂದು ಕೊಂದರು. ಅಲ್ಲಿ ಜನಕ್ಕೆ ಓಟಿನ ಅರಿವು ಇರಲಿಲ್ಲವೇ ಪ್ರಾಧ್ಯಾಪಕರೆ? ಇತ್ತು. ಅರಿವಿದ್ದದ್ದೇ ಅವರ ಅಪರಾಧವಾಯಿತು.

ನಮ್ಮೂರಲ್ಲಿ ಕೊಲೆಯಾಗಲಿಲ್ಲ. ಅದರ ಅಗತ್ಯ ಬೀಳಲಿಲ್ಲ. 2010ರ ಪಂಚಾಯ್ತಿ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆ ಬಂತು. ನಮ್ಮವ್ವ ಅಧ್ಯಕ್ಷೆಯಾದಳು. ಅವಳನ್ನು ನಿಲ್ಲಿಸಿದವರು ಊರಿನ ದೊಡ್ಡ ಜಮೀನುದಾರರು, ಅವರೇ ಉಪಾಧ್ಯಕ್ಷರು. ಅವ್ವ ಕಳೆ ಕೀಳುತ್ತಿದ್ದದ್ದು ಅವರ ಹೊಲದಲ್ಲೇ. ಬೆಳಿಗ್ಗೆ ಹೊಲ, ಮಧ್ಯಾಹ್ನ ಸೀರೆ ಬದಲಿಸಿಕೊಂಡು ಪಂಚಾಯ್ತಿ ಆಫೀಸು. ಚೆಕ್ ಬುಕ್ಕು ಸಹಿಗೆ ಬರುತ್ತಿದ್ದದ್ದು ಅವರ ಮನೆಯ ಹಟ್ಟಿಗೆ. ನಮ್ಮವ್ವ ಹೆಸರು ಬರೆಯಲು ಕಲಿತದ್ದು ನನ್ನ ಹತ್ತಿರ, ನಾನಾಗ ಪ್ರೈಮರಿ ಸ್ಕೂಲು.

ಒಂದು ಸಭೆಯಲ್ಲಿ ಅವ್ವ ಬಾಯಿ ಬಿಟ್ಟಳು. ಊರ ತೊಂಬೆಯಿಂದ ಕೇರಿಗೆ ಒಂದು ಪೈಪು ಎಳೆಯಬೇಕು ಅಂದಳು, ಅಷ್ಟೇ. ಅದು ಪುಸ್ತಕದಲ್ಲಿ ನಿರ್ಣಯವಾಗಿ ದಾಖಲೂ ಆಯಿತು. ಮಾರನೆ ದಿನ ಹೊಲದಿಂದ ಹೇಳಿಕಳಿಸಿದರು, ಇನ್ನು ಕೂಲಿಗೆ ಬರುವುದು ಬೇಡ ಎಂದು. ಅವಳಿಗೊಬ್ಬಳಿಗಲ್ಲ, ಇಡೀ ಕೇರಿಗೆ. ಹನ್ನೊಂದು ದಿನ ಕೂಲಿಯಿಲ್ಲ, ಅಂಗಡಿಯಲ್ಲಿ ಸಾಲವಿಲ್ಲ, ಮಕ್ಕಳಿಗೆ ಹಾಲಿಲ್ಲ. ಹನ್ನೆರಡನೇ ದಿನ ರಾತ್ರಿ ನಮ್ಮ ಕೇರಿಯ ಹಿರಿಯರೇ ಮನೆಗೆ ಬಂದು ಕೂತರು. "ನೀನು ಮಾಡಿದ್ದು ತಪ್ಪಲ್ಲ ಕಣವ್ವ, ಆದ್ರೆ ನಮ್ಮ ಹೊಟ್ಟೆ ಕೇಳಬೇಕಲ್ಲ" ಅಂದರು. ಮುಂದಿನ ಸಭೆಯಲ್ಲಿ ಅಧ್ಯಕ್ಷೆಯೇ ನಿರ್ಣಯವನ್ನು ಕೈಬಿಟ್ಟಳು. ಸಹಿ ನಾನು ಕಲಿಸಿದ್ದೇ.

ಇದೇ ನಾನು ಹೇಳಬೇಕಾದ ಮಾತು. ಜಾತಿ ಚುನಾವಣೆಯನ್ನು ಕೆಡಿಸುವುದು ಬೂತಿನಲ್ಲಲ್ಲ. ಬೂತಿನಲ್ಲಿ ಎಲ್ಲವೂ ಕ್ರಮವಾಗಿಯೇ ಇರುತ್ತದೆ. ಅದು ಕೆಡಿಸುವುದು ಚುನಾವಣೆಯ ಮಾರನೆ ದಿನ, ಗದ್ದೆಯ ಬದುವಿನ ಮೇಲೆ, ಅಂಗಡಿಯ ಸಾಲದ ಪುಸ್ತಕದಲ್ಲಿ, ತೊಂಬೆಯ ಮುಂದೆ. ಯಾರ ಕೈಯಲ್ಲಿ ನೆಲ, ಕೂಲಿ, ನೀರು ಇದೆಯೋ ಅವರ ಹತ್ತಿರ ನಮ್ಮ ಓಟಿನ ಬೀಗದಕೈ ಇದೆ. ಹೀಗಿರುವಾಗ ಕೇರಿಯವರು ಒಟ್ಟಾಗಿ ಓಟು ಹಾಕುವುದನ್ನು ಜಾತಿವಾದ ಎನ್ನುವುದು ಅನ್ಯಾಯ. ಒಂಟಿಯಾಗಿ ಹಾಕಿದರೆ ಸಿಕ್ಕಿಬೀಳುತ್ತೇವೆ, ಒಟ್ಟಾಗಿ ಹಾಕಿದರೆ ಎಲ್ಲರನ್ನೂ ಹೊಲದಿಂದ ಓಡಿಸುವುದು ಅಷ್ಟು ಸುಲಭವಲ್ಲ. ಒಟ್ಟುಗೂಡುವುದು ನಮ್ಮ ಆಸ್ತಿಯಿಲ್ಲದ ಆಸ್ತಿ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಬರೀ ಊರಿನವರನ್ನು ಬೈದ ಹಾಗಾಗುತ್ತದೆ. ನಮ್ಮೊಳಗೂ ಸಣ್ಣ ಸಣ್ಣ ಬ್ಯಾಂಕುಗಳು ಹುಟ್ಟಿಕೊಂಡಿವೆ. ಎಪ್ಪತ್ತರ ದಶಕದಲ್ಲಿ ಕೂಲಿ ಜನರನ್ನು ಬೀದಿಗಿಳಿಸಿದ ದಲಿತ ಸಂಘರ್ಷ ಸಮಿತಿ ಆಮೇಲೆ ಬಣಬಣವಾಗಿ ಒಡೆಯಿತು. ಕೇರಿಯ ಓಟನ್ನು ಎಣಿಸಿಕೊಂಡು ಪಕ್ಷದ ಆಫೀಸಿನ ಮೆಟ್ಟಿಲು ಹತ್ತುವವರು ನಮ್ಮಲ್ಲೂ ಇದ್ದಾರೆ. ಹೊಲೆಯರ ನನ್ನ ಕೇರಿಗೂ ಮಾದಿಗರ ಕೇರಿಗೂ ನಡುವೆ ಹೆಣ್ಣು ಕೊಟ್ಟು ತರುವುದಿಲ್ಲ. ಮಾದಿಗ ಬಂಧುಗಳು ಒಳಮೀಸಲಾತಿ ಕೇಳಿದಾಗ ನಮ್ಮವರಲ್ಲಿ ಅನೇಕರು, ಮೇಲ್ಜಾತಿಯವರು ನಮಗೆ ಹೇಳುತ್ತಿದ್ದ ಮಾತನ್ನೇ ಅವರಿಗೆ ಹೇಳಿದೆವು: ಒಗ್ಗಟ್ಟು ಒಡೆಯಬೇಡಿ ಎಂದು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ವರದಿ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿತ್ತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಮಾಡಬಹುದೆಂದು ಹೇಳಿದ ಮೇಲೆ ನಾಗಮೋಹನ ದಾಸ್ ಆಯೋಗ ಬಂತು.

ಆ ಆಯೋಗ ಅಲೆಮಾರಿ ಮತ್ತು ತೀರಾ ಹಿಂದುಳಿದ ಸಣ್ಣ ಜಾತಿಗಳಿಗೆ ಬೇರೆಯಾಗಿ ಶೇ. 1 ಕೊಡಿ ಎಂದಿತ್ತು. 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಶೇ. 17 ಅನ್ನು ಆರು, ಆರು, ಐದು ಎಂದು ಮೂರೇ ಪಾಲು ಮಾಡಲು ತೀರ್ಮಾನಿಸಿ, ಅಲೆಮಾರಿಗಳನ್ನು ತಮಗಿಂತ ಬಲವಾದ ಜಾತಿಗಳ ಜೊತೆ ಐದರ ಪಾಲಿಗೆ ಸೇರಿಸಿತು. ಅವರು ಬೀದಿಗೆ ಬಂದು ಕೂಗಿದರು. ಅವರ ಓಟು ಸಣ್ಣದು, ಊರೂರಿಗೆ ಚದುರಿದ್ದು, ಯಾವ ಬ್ಯಾಂಕಿಗೂ ಠೇವಣಿಯಾಗದ್ದು. ಹಾಗಾಗಿ ಆ ಕೂಗಿಗೆ ಕಿವಿಯಿಲ್ಲ. ವೋಟ್ ಬ್ಯಾಂಕ್ ಎಂದು ಬೈಸಿಕೊಂಡ ನಾವು, ಬ್ಯಾಂಕು ಆಗುವಷ್ಟೂ ಸಂಖ್ಯೆಯಿಲ್ಲದವರ ಪರವಾಗಿ ನಿಲ್ಲದಿದ್ದರೆ ನಮ್ಮ ಬಂಡಾಯಕ್ಕೆ ಏನು ಅರ್ಥ?

ಹಾಗಾಗಿ ಕೆಲಸ ಎರಡು ಕಡೆ ಇದೆ. 1974ರ ಭೂಸುಧಾರಣೆ ಉಳುವವನನ್ನು ಒಡೆಯ ಮಾಡಿತು. ಗೇಣಿಪತ್ರವೂ ಇಲ್ಲದೆ ಬರೀ ಕೂಲಿಗೆ ದುಡಿದ ಕೇರಿಯವನು ಬಹುಮಟ್ಟಿಗೆ ಅದರಿಂದ ಹೊರಗೇ ಉಳಿದ. ಸರ್ಕಾರ ಮಂಜೂರು ಮಾಡಿದ ತುಂಡು ನೆಲವನ್ನಾದರೂ ಕಾಯಲು 1978ರ ಕಾಯಿದೆ ಬಂತು. ನೆಲದ ಪ್ರಶ್ನೆ, ಕೂಲಿಯ ಪ್ರಶ್ನೆ, ಹಾಸ್ಟೆಲಿನ ಪ್ರಶ್ನೆ ಇವೇ ಚುನಾವಣಾ ಸುಧಾರಣೆಯ ಪ್ರಶ್ನೆಗಳು. ಯಾವ ಸಂಕಿರಣದಲ್ಲೂ ಇವನ್ನು ಆ ಹೆಸರಿನಲ್ಲಿ ಕರೆಯುವುದಿಲ್ಲ, ನಾವು ಕರೆಯಬೇಕು. ಅದರ ಜೊತೆಗೆ ನಮ್ಮ ನಮ್ಮ ಕೇರಿಗಳ ನಡುವಿನ ಬೇಲಿಯನ್ನು ನಾವೇ ಕೀಳಬೇಕು.

ಅವ್ವ ಈಗ ಪಂಚಾಯ್ತಿ ಕಡೆ ತಲೆ ಹಾಕುವುದಿಲ್ಲ. ಕೇರಿಗೆ ಪೈಪು ಬಂತು, ಆರು ವರ್ಷ ತಡವಾಗಿ, ಬೇರೆ ಯಾರದೋ ಹೆಸರಿನಲ್ಲಿ. ನಾನು 2018ರಲ್ಲಿ ಮೊದಲ ಸಲ ಓಟು ಹಾಕಿದಾಗ ಅವ್ವನ ಜೊತೆಯಲ್ಲೇ ಹೋಗಿದ್ದೆ. ಬರುತ್ತಾ ದಾರಿಯಲ್ಲಿ, ಓದಿದವನೆಂಬ ಸಲಿಗೆಯಿಂದ, "ಯಾರಿಗವ್ವ ಹಾಕ್ದೆ?" ಎಂದು ಕೇಳಿದೆ. ಉಪಾಧ್ಯಕ್ಷರು ಕೇಳಿದಾಗಲೂ, ಹಿರಿಯರು ಕೇಳಿದಾಗಲೂ ತಲೆ ತಗ್ಗಿಸಿದ್ದವಳು ಅವತ್ತು ನನ್ನನ್ನು ನೆಟ್ಟಗೆ ನೋಡಿದಳು.

"ಅದ ಮಾತ್ರ ಕೇಳಬ್ಯಾಡ ಮಗ. ಅದೊಂದು ನಂದು" ಅಂದಳು.

ನಮ್ಮ ತಾತನಿಗೆ ಅದೊಂದೂ ಇರಲಿಲ್ಲ. ಅವ್ವನಿಗೆ ಇರುವುದು ಅದೊಂದೇ. ಇದನ್ನು ಬ್ಯಾಂಕು ಎಂದು ಕರೆಯುವವರ ಎದುರಿಗೆ ನಾನು ಇನ್ನು ಮೇಲೆ ಸುಮ್ಮನೆ ಕೂರುವುದಿಲ್ಲ.